ವಿಜ್ಞಾನಿಯ ಪಗಾರ: ಫೆಲೋಶಿಪ್‌ನಿಂದ ಪ್ರೊಫೆಸರ್ ಹುದ್ದೆವರೆಗೆ ಲೆಕ್ಕ ಹಾಕುವ ಬಗೆ

"ವಿಜ್ಞಾನಿ ಆದ್ರ ಪಗಾರ ಎಷ್ಟು ಬರ್ತೈತಿ?" ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡುತ್ತಿರುವ ಹುಡುಗಿಯ ಮನೆಯಲ್ಲೂ, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುತ್ತಿರುವ ಹುಡುಗನ ಮನೆಯಲ್ಲೂ ಈ ಪ್ರಶ್ನೆ ಬಂದೇ ಬರುತ್ತದೆ. ಒಂದೇ ಅಂಕಿಯಲ್ಲಿ ಉತ್ತರ ಹೇಳಿದರೆ ಅದು ಅರ್ಧ ಉತ್ತರ. 23ಕ್ಕೆ ಎಂಎಸ್ಸಿ ಮುಗಿದರೆ ಕಾಯಂ ನೌಕರಿ ಸಿಗುವ ಹೊತ್ತಿಗೆ ಬಹಳ ಜನರಿಗೆ 30 ದಾಟಿರುತ್ತದೆ. ನಡುವಿನ ಏಳೆಂಟು ವರ್ಷ ದುಡ್ಡು ಬರುತ್ತದೆ, ಆದರೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ, ಕೆಲವು ತಿಂಗಳು ಬರುವುದೇ ಇಲ್ಲ. ಆ ಖಾಲಿ ತಿಂಗಳುಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿದವರು ಈ ದಾರಿಯಲ್ಲಿ ನಿಲ್ಲುತ್ತಾರೆ. ಹಿಡಿಯದವರು, ಎಷ್ಟೇ ಜಾಣರಿದ್ದರೂ, ಪಿಎಚ್‌ಡಿ ಮುಗಿಸಿ ದಾರಿ ಬಿಡುತ್ತಾರೆ.

ಮೊದಲು ಇದು ಯಾವ ಬಗೆಯ ದುಡ್ಡು ಎಂದು ನೋಡಿ

ಜಾಹೀರಾತಿನಲ್ಲಿ ಅಂಕಿ ಕಂಡ ಕೂಡಲೇ ಅದರ ಪಕ್ಕದ ಪದ ಓದಿ. "ಫೆಲೋಶಿಪ್" ಎಂದಿದ್ದರೆ ಅದು ಸಂಬಳವಲ್ಲ. ತುಟ್ಟಿ ಭತ್ಯೆ ಇಲ್ಲ, ಪಿಎಫ್ ಇಲ್ಲ, ಗ್ರಾಚುಯಿಟಿ ಇಲ್ಲ. ಓದಿನ ಖರ್ಚಿಗೆಂದು ಕೊಡುವ ವಿದ್ಯಾರ್ಥಿವೇತನವಾದ್ದರಿಂದ ಆದಾಯ ತೆರಿಗೆ ಕಾಯ್ದೆಯಡಿ ಅದಕ್ಕೆ ತೆರಿಗೆಯೂ ಇಲ್ಲ. "ಕನ್ಸಾಲಿಡೇಟೆಡ್" ಎಂದಿದ್ದರೆ ಅದು ಗುತ್ತಿಗೆ ಮೊತ್ತ. ಬರೆದಷ್ಟೇ ಸಿಗುತ್ತದೆ, ಪ್ರಾಜೆಕ್ಟ್ ಮುಗಿದ ದಿನ ಮುಗಿಯುತ್ತದೆ. "ಲೆವೆಲ್" ಅಥವಾ "ಪೇ ಮ್ಯಾಟ್ರಿಕ್ಸ್" ಎಂದಿದ್ದರೆ ಮಾತ್ರ ಅದು ಕಾಯಂ ಶ್ರೇಣಿ. ಅಲ್ಲಿ ಬರೆದಿರುವುದು ಬರೀ ಮೂಲ ವೇತನ, ಕೈಗೆ ಬರುವುದು ಅದಕ್ಕಿಂತ ಬಹಳ ಹೆಚ್ಚು. 56,000 ರೂಪಾಯಿಯ ಪ್ರಾಜೆಕ್ಟ್ ವಿಜ್ಞಾನಿ ಹುದ್ದೆಯನ್ನೂ 56,100 ರೂಪಾಯಿಯ ಲೆವೆಲ್ 10 ಹುದ್ದೆಯನ್ನೂ ಒಂದೇ ಎಂದು ತಿಳಿದು ಮೋಸ ಹೋಗುವವರು ಕಡಿಮೆಯಿಲ್ಲ. ನೂರು ರೂಪಾಯಿಯ ವ್ಯತ್ಯಾಸದಂತೆ ಕಾಣುವ ಇವೆರಡರ ನಡುವೆ ತಿಂಗಳಿಗೆ ಮೂವತ್ತು ಸಾವಿರಕ್ಕೂ ಹೆಚ್ಚಿನ ಅಂತರವಿದೆ.

ಎಂಎಸ್ಸಿ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೃಷಿ ಸ್ನಾತಕೋತ್ತರದಲ್ಲಿ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಪರೀಕ್ಷೆಯ ಮೇಲಿನ ರ‍್ಯಾಂಕಿನವರಿಗೆ ತಿಂಗಳಿಗೆ 12,640 ರೂಪಾಯಿ ಸಿಗುತ್ತದೆ. ಮೂಲ ವಿಜ್ಞಾನದ ಪದವಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಇದರಲ್ಲಿ 60,000 ನೇರ ಹಣ, 20,000 ಬೇಸಿಗೆಯ ಸಂಶೋಧನಾ ಕೆಲಸಕ್ಕೆ. ಆ ಬೇಸಿಗೆ ಕೆಲಸದ ವರದಿ ಕಳಿಸದೆ 20,000 ಕಳೆದುಕೊಳ್ಳಬೇಡಿ.

ಜೆಆರ್‌ಎಫ್, ಎಸ್‌ಆರ್‌ಎಫ್: ಐದು ವರ್ಷಕ್ಕೆ 24 ಲಕ್ಷ

ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು) ಮತ್ತು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೆಸರಿನ ನೆಟ್ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಆದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000, ನಂತರ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋ) ಆಗಿ 42,000. ಈ ದರ 2023ರ ಜನವರಿ 1ರಿಂದ ಬಂದಿದೆ. ಅದಕ್ಕೆ ಮುಂಚೆ 31,000 ಮತ್ತು 35,000 ಇತ್ತು. ಹಳೆಯ ಅಂಕಿ ಇನ್ನೂ ಹಲವು ಕಡೆ ಓಡಾಡುತ್ತಿದೆ, ಗಮನಿಸಿ. 24 ತಿಂಗಳಿಗೆ 37,000ದಂತೆ 8,88,000. 36 ತಿಂಗಳಿಗೆ 42,000ದಂತೆ 15,12,000. ಕೂಡಿಸಿದರೆ ಸರಿಯಾಗಿ 24 ಲಕ್ಷ.

ಇದರ ಮೇಲೆ ಮನೆ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎ. ಕೇಂದ್ರದ ನಿಯಮದಲ್ಲಿ ಊರುಗಳಿಗೆ ಎಕ್ಸ್, ವೈ, ಝಡ್ ಎಂದು ಮೂರು ದರ್ಜೆ, ದರ ಈಗ 30, 20, 10 ಪ್ರತಿಶತ. ಬೆಂಗಳೂರು ಎಕ್ಸ್. ನಮ್ಮ ಕಲ್ಯಾಣ ಕರ್ನಾಟಕ ಭಾಗದಲ್ಲಿ ಕಲಬುರಗಿ ಮಾತ್ರ ವೈ. 2011ರ ಜನಗಣತಿಯಲ್ಲಿ ಬಳ್ಳಾರಿಯ ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು ಇದ್ದುದರಿಂದ, 5 ಲಕ್ಷದ ಗೆರೆ ದಾಟದೆ ಅದು ಝಡ್‌ನಲ್ಲೇ ಉಳಿದಿದೆ. ರಾಯಚೂರು, ಕೊಪ್ಪಳ ಕೂಡ ಝಡ್. ಹೀಗಾಗಿ ಒಬ್ಬ ಜೆಆರ್‌ಎಫ್‌ಗೆ ಬಳ್ಳಾರಿಯಲ್ಲಿ ಒಟ್ಟು 40,700, ಕಲಬುರಗಿಯಲ್ಲಿ 44,400, ಬೆಂಗಳೂರಿನಲ್ಲಿ 48,100. ಹಾಸ್ಟೆಲ್‌ನಲ್ಲಿ ಇದ್ದರೆ ಎಚ್‌ಆರ್‌ಎ ಬರುವುದಿಲ್ಲ. ಬಾಡಿಗೆ ಮನೆಯಲ್ಲಿದ್ದರೆ ಹಾಸ್ಟೆಲ್ ಪಡೆದಿಲ್ಲ ಎಂಬ ದೃಢೀಕರಣವನ್ನು ಸೇರಿದ ತಿಂಗಳೇ ವಿಭಾಗದಿಂದ ಪಡೆದು ಕೊಡಿ. ಸಿಎಸ್‌ಐಆರ್‌ನವರಿಗೆ ವರ್ಷಕ್ಕೆ 20,000 ಕಂಟಿಂಜೆನ್ಸಿ ಬೇರೆ ಇದೆ, ಅದು ರಾಸಾಯನಿಕ, ಪುಸ್ತಕ, ಪ್ರಯಾಣಕ್ಕೆ. ಅದನ್ನು ಪಗಾರದ ಲೆಕ್ಕಕ್ಕೆ ಸೇರಿಸಬೇಡಿ.

ನೆಟ್ ಆಗದೆ ಪ್ರಾಜೆಕ್ಟ್‌ನಲ್ಲಿ ಸೇರಿದರೆ ದುಡ್ಡು ಕಡಿಮೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 2020ರ ಆದೇಶದಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್-1ಕ್ಕೆ ನೆಟ್ ಅಥವಾ ಗೇಟ್ ಇದ್ದವರಿಗೆ 31,000, ಇಲ್ಲದವರಿಗೆ 25,000 ಎಂದಿತ್ತು. ಮಾಡುವ ಕೆಲಸ ಒಂದೇ, ಕೈಗೆ ಬರುವುದು ಆರು ಸಾವಿರ ಕಡಿಮೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದ ಪಿಎಚ್‌ಡಿ ವಿದ್ಯಾರ್ಥಿಗೆ ಸಿಗುವುದು ತಿಂಗಳಿಗೆ ಬರೀ 8,000. ಒಂದು ವರ್ಷ ಕೂತು ನೆಟ್ ಓದುವುದು ನಷ್ಟ ಎಂದು ಮನೆಯವರಿಗೆ ಅನ್ನಿಸಬಹುದು. 8,000ಕ್ಕೂ ಜೆಆರ್‌ಎಫ್, ಎಸ್‌ಆರ್‌ಎಫ್‌ನ 37,000, 42,000ಕ್ಕೂ ಇರುವ ಅಂತರ ಐದು ವರ್ಷಕ್ಕೆ 19 ಲಕ್ಷಕ್ಕೂ ಮಿಕ್ಕುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿ.

ಫೆಲೋಶಿಪ್ ತಡವಾಗುವುದು ಎಲ್ಲ ಕಡೆ ಕೇಳುವ ದೂರು. ಹಣ ಹೀಗೆ ಸಿಕ್ಕಿಹಾಕಿಕೊಳ್ಳುವ ಜಾಗಗಳು ಮೂರು.

ತಿಂಗಳ ದೃಢೀಕರಣ ಮೊದಲನೆಯದು. ಯುಜಿಸಿ ಫೆಲೋಶಿಪ್ ಕೆನರಾ ಬ್ಯಾಂಕ್ ಪೋರ್ಟಲ್ ಮೂಲಕ ಬರುತ್ತದೆ. ಪ್ರತಿ ತಿಂಗಳು ವಿಶ್ವವಿದ್ಯಾಲಯದ ಕಚೇರಿ ನಿಮ್ಮ ಹಾಜರಿಯನ್ನು ಅಲ್ಲಿ ಏರಿಸಬೇಕು. ಅವರು ಆ ತಿಂಗಳು ಮರೆತರೆ ಹಣ ಬರುವುದಿಲ್ಲ. ಗೈಡ್ ಸಹಿ ಮಾಡಿದ ಹಾಜರಿ ಪತ್ರವನ್ನು ತಿಂಗಳ ಕೊನೆಯ ವಾರದಲ್ಲೇ ಕಚೇರಿಗೆ ಮುಟ್ಟಿಸಿ, ಸ್ವೀಕೃತಿ ಸಹಿ ತೆಗೆದುಕೊಳ್ಳಿ.

ಎಸ್‌ಆರ್‌ಎಫ್ ಬಡ್ತಿ ಎರಡನೆಯದು. ಎರಡು ವರ್ಷ ತುಂಬಿದ ಮರುದಿನ ಅದು ತಾನಾಗಿ ಆಗುವುದಿಲ್ಲ. ಹೊರಗಿನ ತಜ್ಞರೊಬ್ಬರಿರುವ ಸಮಿತಿ ನಿಮ್ಮ ಕೆಲಸ ನೋಡಿ ಶಿಫಾರಸು ಮಾಡಬೇಕು. ಅಷ್ಟರಲ್ಲಿ ಪಿಎಚ್‌ಡಿ ನೋಂದಣಿಯೂ ಆಗಿರಬೇಕು. 20ನೇ ತಿಂಗಳಿನಲ್ಲೇ ಗೈಡ್ ಜೊತೆ ಮಾತಾಡಿ ಸಮಿತಿಯ ದಿನಾಂಕ ಗೊತ್ತು ಮಾಡಿಕೊಳ್ಳಿ. ಹೊರಗಿನ ತಜ್ಞರಿಗೆ ಧಾರವಾಡದಿಂದಲೋ ಬೆಂಗಳೂರಿನಿಂದಲೋ ಬರಲು ಎರಡು ತಿಂಗಳ ಮುಂಚೆಯಾದರೂ ಹೇಳಬೇಕಾಗುತ್ತದೆ. ಝಡ್ ಊರಿನಲ್ಲಿ ತಡವಾದ ಪ್ರತಿ ತಿಂಗಳಿಗೆ 5,500 ರೂಪಾಯಿ ಬಾಕಿ ನಿಲ್ಲುತ್ತದೆ.

ಮೂರನೆಯದು ಪ್ರಾಜೆಕ್ಟ್‌ನವರಿಗೆ. ಹಿಂದಿನ ವರ್ಷದ ಹಣ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬಿಡುಗಡೆಯಾಗುವುದಿಲ್ಲ. ಮಾರ್ಚ್ 31ರ ನಂತರ ಲೆಕ್ಕಪತ್ರ ಮುಗಿಯಲು ಹಿಡಿಯುವ ತಿಂಗಳುಗಳಲ್ಲಿ ಪ್ರಾಜೆಕ್ಟ್ ಸಿಬ್ಬಂದಿಯ ಪಗಾರ ನಿಲ್ಲುವುದು ಇದೇ ಕಾರಣಕ್ಕೆ. ಸೇರುವಾಗಲೇ ಪ್ರಾಜೆಕ್ಟ್ ಯಾವ ದಿನ ಮುಗಿಯುತ್ತದೆ, ಈ ವರ್ಷದ ಕಂತು ಬಂದಿದೆಯೇ ಎಂಬ ಎರಡು ಮಾತು ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನೊಂದು. ಫೆಲೋಶಿಪ್‌ಗೆ ಪಗಾರ ಮತ್ತು ಅದರಿಂದ ಮುರಿದ ತೆರಿಗೆ ತೋರಿಸುವ ಫಾರ್ಮ್ 16 ಸಿಗುವುದಿಲ್ಲ. ಆಮೇಲೆ ಬ್ಯಾಂಕಿನಲ್ಲಿ ಸಾಲ ಕೇಳಲು ಹೋದರೆ ಆದಾಯದ ದಾಖಲೆ ಎಲ್ಲಿ ಎನ್ನುತ್ತಾರೆ. ತೆರಿಗೆ ಇಲ್ಲದಿದ್ದರೂ ಪ್ರತಿ ವರ್ಷ ರಿಟರ್ನ್ ಸಲ್ಲಿಸಿ, ಕುಲಸಚಿವರ ಕಚೇರಿಯಿಂದ ಫೆಲೋಶಿಪ್ ಪತ್ರ ಪಡೆದು ಇಟ್ಟುಕೊಳ್ಳಿ.

ದುಡ್ಡು ನಿಲ್ಲುವ ಜಾಗ

ಈ ಬರಹದಲ್ಲಿ ಒಂದೇ ಭಾಗ ಓದುವಿರಾದರೆ ಇದನ್ನು ಓದಿ. ಫೆಲೋಶಿಪ್ ನಿಲ್ಲುವುದು ಐದು ವರ್ಷ ತುಂಬಿದಾಗ ಅಥವಾ ಪ್ರಬಂಧ ಸಲ್ಲಿಸಿದಾಗ, ಎರಡರಲ್ಲಿ ಯಾವುದು ಮೊದಲೋ ಆಗ. ಪ್ರಬಂಧ ಸಲ್ಲಿಸಿದ ಮೇಲೆ ಪರೀಕ್ಷಕರ ವರದಿ ಬರಬೇಕು, ಮೌಖಿಕ ಪರೀಕ್ಷೆ ಆಗಬೇಕು, ತಾತ್ಕಾಲಿಕ ಪ್ರಮಾಣಪತ್ರ ಕೈಗೆ ಬರಬೇಕು. ಆರು ತಿಂಗಳು ಎಂದರೂ ಕಡಿಮೆಯೇ. ಐದನೇ ವರ್ಷ ತುಂಬಿಯೂ ಪ್ರಬಂಧ ಬರೆಯುತ್ತಾ ಕೂತವರಿಗೆ ಆ ಅವಧಿಯೂ ಖಾಲಿ. ವಯಸ್ಸು 29, ಮದುವೆಯ ಮಾತು, ಅಪ್ಪನ ಹೊಲದ ಸಾಲ, ಕೈಯಲ್ಲಿ ಪಗಾರ ಇಲ್ಲ. ಎಷ್ಟೋ ಒಳ್ಳೆಯ ಸಂಶೋಧಕರು ಇಲ್ಲೇ ಕಳಚಿಕೊಳ್ಳುತ್ತಾರೆ.

ಇದಕ್ಕೆ ತಯಾರಿ ಮೊದಲ ತಿಂಗಳಿನಿಂದ ಶುರುವಾಗಬೇಕು. ಜೆಆರ್‌ಎಫ್ ಇರುವ 24 ತಿಂಗಳು ತಿಂಗಳಿಗೆ 6,000, ಎಸ್‌ಆರ್‌ಎಫ್‌ನ 36 ತಿಂಗಳು 9,000 ಬೇರೆ ಖಾತೆಗೆ ಹಾಕಿದರೆ ಬಡ್ಡಿ ಬಿಟ್ಟು 4,68,000 ಆಗುತ್ತದೆ. ತಿಂಗಳಿಗೆ 25,000 ಖರ್ಚು ಮಾಡಿದರೂ ಒಂದೂವರೆ ವರ್ಷ ಉಸಿರಾಡಬಹುದು. ಅಂಚೆ ಕಚೇರಿಯ ಆರ್‌ಡಿ ಇದಕ್ಕೆ ಸಾಕು. ಷೇರಿಗೆ ಹಾಕಬೇಡಿ, ಬೇಕಾದ ತಿಂಗಳಿನಲ್ಲೇ ಅದು ಇಳಿದಿರಬಹುದು.

ಎರಡನೇ ತಯಾರಿ, ಪ್ರಬಂಧ ಸಲ್ಲಿಸುವ ಆರು ತಿಂಗಳ ಮುಂಚೆಯೇ ರಿಸರ್ಚ್ ಅಸೋಸಿಯೇಟ್ ಅರ್ಜಿ ಹಾಕುವುದು. ಆರ್‌ಎಗೆ ಮೂರು ಮೆಟ್ಟಿಲು: 58,000, 61,000, 67,000, ಮೇಲೆ ಎಚ್‌ಆರ್‌ಎ. ಬಳ್ಳಾರಿಯಂಥ ಊರಿನಲ್ಲಿ ಮೊದಲ ಮೆಟ್ಟಿಲು 63,800 ಆಗುತ್ತದೆ. ವೈದ್ಯಕೀಯ ಸಂಶೋಧನೆಯ ಕಡೆ ಇರುವವರು ಐಸಿಎಂಆರ್ ಪ್ರಾಜೆಕ್ಟ್‌ಗಳಲ್ಲಿ ಪ್ರಾಜೆಕ್ಟ್ ರಿಸರ್ಚ್ ಸೈಂಟಿಸ್ಟ್-1 ಹುದ್ದೆ ನೋಡಬಹುದು: ಎಂಬಿಬಿಎಸ್ ಅಲ್ಲದವರಿಗೆ 56,000, ವೈದ್ಯರಿಗೆ 67,000, ಎರಡಕ್ಕೂ ಎಚ್‌ಆರ್‌ಎ ಇದೆ. ಇನ್‌ಸ್ಪೈರ್ ಫ್ಯಾಕಲ್ಟಿ ಆದರೆ ತಿಂಗಳಿಗೆ 1,25,000, ಸಂಶೋಧನೆಗೆ ವರ್ಷಕ್ಕೆ 7 ಲಕ್ಷ, ಐದು ವರ್ಷದವರೆಗೆ. ಸ್ಪರ್ಧೆ ಬಹಳ ಗಟ್ಟಿ, ಆದರೂ ಅರ್ಜಿ ಹಾಕದೆ ಬಿಡಬಾರದು.

ಆರ್‌ಎ ಮತ್ತು ಪ್ರಾಜೆಕ್ಟ್ ಹುದ್ದೆಗಳ ದುಡ್ಡಿಗೆ ಕೆಲವು ಸಂಸ್ಥೆಗಳು ವೃತ್ತಿಪರ ಶುಲ್ಕ ಎಂದು 10 ಪ್ರತಿಶತ ತೆರಿಗೆಯನ್ನು (ಟಿಡಿಎಸ್) ಕೊಡುವ ಮೊದಲೇ ಮುರಿಯುತ್ತವೆ. ವರ್ಷಕ್ಕೆ 7,65,600 ಆದಾಯವಿದ್ದು ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬಾರದವರಿಗೂ ಹೀಗೆ 76,000 ರೂಪಾಯಿ ಹೋಗುತ್ತದೆ. ನಿಮ್ಮ ಹೆಸರಿನಲ್ಲಿ ಮುರಿದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್ ತೆಗೆದು ನೋಡಿ, ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ. ಸಲ್ಲಿಸದವರ ದುಡ್ಡು ಸರ್ಕಾರದಲ್ಲೇ ಉಳಿಯುತ್ತದೆ.

ಊರಿಗೆ ಮರಳಿ ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗುವವರು ಬಹಳ. 2022ರ ಆದೇಶದಲ್ಲಿ ಯುಜಿಸಿ ಅರ್ಹತೆ ಇದ್ದು 5 ವರ್ಷ ಅನುಭವ ಮೀರಿದವರಿಗೆ 32,000, ಅದಕ್ಕಿಂತ ಕಡಿಮೆ ಅನುಭವಕ್ಕೆ 30,000, ಅರ್ಹತೆ ಇಲ್ಲದವರಿಗೆ 28,000 ಮತ್ತು 26,000 ಎಂದಿತ್ತು. 2024ರಲ್ಲಿ ಸೇವಾವಧಿ ನೋಡಿ 5,000ದಿಂದ 8,000 ಏರಿಸಿದರು. ಅಂದರೆ ಪಿಎಚ್‌ಡಿ ಮುಗಿಸಿ ಹೊಸದಾಗಿ ಬಂದವರಿಗೆ 35,000. ಇದು ಇಂದು ಜೆಆರ್‌ಎಫ್ ಆಗಿ ಸೇರುವವರಿಗೆ ಸಿಗುವ 37,000ಕ್ಕಿಂತ ಕಡಿಮೆ. ಪಾಠ ಹೇಳುವುದು ಕೀಳು ಕೆಲಸವಲ್ಲ. ಆದರೆ ಸಂಶೋಧಕರಾಗಿ ಮುಂದುವರಿಯುವ ಮನಸ್ಸಿದ್ದರೆ ಇಲ್ಲಿ ಕಳೆಯುವ ಎರಡು ವರ್ಷ ಪ್ರಕಟಣೆಗಳ ಪಟ್ಟಿಯಲ್ಲಿ ಖಾಲಿ ಜಾಗವಾಗಿ ಕಾಣುತ್ತದೆ. ಆರ್‌ಎ ಸಿಗುವ ಹಾಗಿದ್ದರೆ ಅದನ್ನೇ ಮೊದಲು ಹಿಡಿಯಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಾಯಂ ಹುದ್ದೆಯ ಪಗಾರ ಚೀಟಿ

ಈಗಿನ ಶ್ರೇಣಿಗಳು 2016ರ ಜನವರಿ 1ರಿಂದ ಲೆಕ್ಕಕ್ಕೆ ಬಂದ 7ನೇ ವೇತನ ಆಯೋಗದವು. ಎಂಟನೆಯದರ ಸುದ್ದಿ ಕೇಳಿ ಲೆಕ್ಕ ಹಾಕಬೇಡಿ, ಆದೇಶ ಬಂದ ಮೇಲೆ ನೋಡಿದರಾಯಿತು. ಇಸ್ರೋ, ಡಿಆರ್‌ಡಿಒ, ಅಣುಶಕ್ತಿ ಇಲಾಖೆಗಳಲ್ಲಿ ಆರಂಭ ಲೆವೆಲ್ 10, ಮೂಲ ವೇತನ 56,100. ಸಿಎಸ್‌ಐಆರ್ ಪ್ರಯೋಗಾಲಯಗಳಲ್ಲಿ ವಿಜ್ಞಾನಿಯಾಗಿ ಸೇರುವುದು ಲೆವೆಲ್ 11, ಮೂಲ 67,700. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕರಿಗೂ ಐಸಿಎಆರ್ ವಿಜ್ಞಾನಿಗೂ ಯುಜಿಸಿ ಮಾದರಿಯ ಲೆವೆಲ್ 10, ಮೂಲ 57,700. ಕೃಷಿ ವಿಜ್ಞಾನ ಕೇಂದ್ರಗಳ ವಿಷಯ ತಜ್ಞರ ಟಿ-6 ಹುದ್ದೆ 56,100, ಇದಕ್ಕೆ ಸ್ನಾತಕೋತ್ತರ ಪದವಿ ಸಾಕು. ಪಿಎಚ್‌ಡಿವರೆಗೆ ಕಾಯಲಾಗದ ಮನೆಯವರು ಇದನ್ನು ಮರೆಯಬಾರದು.

ಬಳ್ಳಾರಿಯಲ್ಲಿ ಐಸಿಎಆರ್‌ನ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ 1954ರಿಂದ ಇದೆ. ಅಂಥ ಕಡೆ ಹೊಸದಾಗಿ ಸೇರಿದ ವಿಜ್ಞಾನಿಯ ಚೀಟಿಯನ್ನು 2025ರ ಜುಲೈನ 58 ಪ್ರತಿಶತ ತುಟ್ಟಿ ಭತ್ಯೆಯಲ್ಲಿ ಬಿಡಿಸೋಣ. ಮೂಲ 57,700. ತುಟ್ಟಿ ಭತ್ಯೆ 33,466. ಎಚ್‌ಆರ್‌ಎ 10 ಪ್ರತಿಶತ, 5,770. ಸಾರಿಗೆ ಭತ್ಯೆ ಸಣ್ಣ ಊರಿಗೆ 3,600, ಅದರ ಮೇಲೂ ತುಟ್ಟಿ ಭತ್ಯೆ ಸೇರಿ 5,688. ಒಟ್ಟು 1,02,624. ಕಡಿತ: ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಮೂಲ ಮತ್ತು ತುಟ್ಟಿ ಭತ್ಯೆಯ 10 ಪ್ರತಿಶತ, 9,117. ವೃತ್ತಿ ತೆರಿಗೆ 200. ಗುಂಪು ವಿಮೆ 120. ಕೈಗೆ 93,187. ಇದರ ಜೊತೆಗೆ ಸರ್ಕಾರ ತನ್ನ ಪಾಲಿನ 14 ಪ್ರತಿಶತ, 12,763 ರೂಪಾಯಿಯನ್ನು ನಿಮ್ಮ ಎನ್‌ಪಿಎಸ್ ಖಾತೆಗೆ ಹಾಕುತ್ತದೆ.

ಆದಾಯ ತೆರಿಗೆ? ವರ್ಷಕ್ಕೆ 12,31,488, ಅದರಲ್ಲಿ 75,000 ಪ್ರಮಾಣಿತ ಕಡಿತ ಕಳೆದರೆ 11,56,488. 2025–26ರ ಹೊಸ ಪದ್ಧತಿಯಲ್ಲಿ 12 ಲಕ್ಷದೊಳಗೆ ಇರುವುದರಿಂದ ತೆರಿಗೆ ಸೊನ್ನೆ.

ಇದೇ ಹುದ್ದೆ ಬೆಂಗಳೂರಿನಲ್ಲಿ ಇದ್ದರೆ ಎಚ್‌ಆರ್‌ಎ 17,310, ಸಾರಿಗೆ ಭತ್ಯೆ 11,376, ಒಟ್ಟು 1,19,852. ತಿಂಗಳಿಗೆ 17,228 ಹೆಚ್ಚು. ಆದರೆ ವರ್ಷದ ಆದಾಯ 12 ಲಕ್ಷದ ಗೆರೆ ದಾಟಿತು. ತೆರಿಗೆ, ಸೆಸ್ ಸೇರಿ 87,863, ತಿಂಗಳಿಗೆ 7,322. ಕೈಗೆ ಉಳಿಯುವ ಹೆಚ್ಚುವರಿ 9,906 ಮಾತ್ರ. ಬಳ್ಳಾರಿಯ ಮನೆ ಬಾಡಿಗೆಗೂ ಬೆಂಗಳೂರಿನ ಬಾಡಿಗೆಗೂ ಇರುವ ಅಂತರ ಹತ್ತು ಸಾವಿರದೊಳಗೆ ನಿಲ್ಲುತ್ತದೆಯೇ ಎಂದು ನೀವೇ ವಿಚಾರಿಸಿ ನೋಡಿ. "ಸಣ್ಣ ಊರಿಗೆ ಪೋಸ್ಟಿಂಗ್ ಬಂತು" ಎಂದು ಅಳುವ ಮುನ್ನ ಈ ಲೆಕ್ಕ ಹಾಕಬೇಕು.

ಗಂಗಾವತಿ, ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಗಳು ರಾಯಚೂರು ಕೃಷಿ ವಿಶ್ವವಿದ್ಯಾಲಯದವು, ಅಂದರೆ ರಾಜ್ಯದವು. ಅಲ್ಲಿ ಮೂಲ ವೇತನ ಅದೇ ಯುಜಿಸಿ ಮಾದರಿ, ಆದರೆ ಎಚ್‌ಆರ್‌ಎ ಮತ್ತು ಇತರ ಭತ್ಯೆ ರಾಜ್ಯದ ಆದೇಶದಂತೆ. ಮೇಲಿನ ಚೀಟಿಯನ್ನು ಅಲ್ಲಿಗೆ ಹಾಗೇ ಹೊಂದಿಸಬೇಡಿ.

ಬಡ್ತಿ: ದೊಡ್ಡ ಜಿಗಿತ ಎಲ್ಲಿದೆ

ಪ್ರತಿ ವರ್ಷ 3 ಪ್ರತಿಶತ ಇಂಕ್ರಿಮೆಂಟ್: 57,700, 59,400, 61,200, 63,000, 64,900. ಇದರಿಂದ ಬದುಕು ಬದಲಾಗುವುದಿಲ್ಲ. ಬದಲಾಗುವುದು ಸಿಎಎಸ್, ಅಂದರೆ ವೃತ್ತಿ ಮುನ್ನಡೆ ಯೋಜನೆಯ ಬಡ್ತಿಯಲ್ಲಿ. ಯುಜಿಸಿಯ 2018ರ ನಿಯಮದಂತೆ ಪಿಎಚ್‌ಡಿ ಇದ್ದವರಿಗೆ ಲೆವೆಲ್ 10ರಿಂದ 11ಕ್ಕೆ 4 ವರ್ಷ, ಇಲ್ಲದಿದ್ದರೆ 6. ಅಲ್ಲಿಂದ 12ಕ್ಕೆ 5 ವರ್ಷ, 13ಎಗೆ 3, 14ಕ್ಕೆ ಮತ್ತೆ 3. ಎಲ್ಲ ಸರಿಯಾದರೆ ಹದಿನೈದು ವರ್ಷಕ್ಕೆ ಪ್ರಾಧ್ಯಾಪಕರು, ಮೂಲ ವೇತನ 1,44,200ರಿಂದ ಶುರು.

ಹನ್ನೆರಡನೇ ವರ್ಷದ ಹೊತ್ತಿಗೆ ಮೂಲ ವೇತನ 90 ಸಾವಿರದ ಆಸುಪಾಸು ಇರುತ್ತದೆ. 13ಎ ಶುರುವಾಗುವುದೇ 1,31,400ಕ್ಕೆ. ಒಂದೇ ಆದೇಶದಲ್ಲಿ ಸುಮಾರು 40,000 ಏರಿಕೆ, ಅದರ ಮೇಲೆ ತುಟ್ಟಿ ಭತ್ಯೆ. ಇಡೀ ವೃತ್ತಿಯಲ್ಲಿ ಇಷ್ಟು ದೊಡ್ಡ ಮೆಟ್ಟಿಲು ಮತ್ತೊಂದಿಲ್ಲ. ಇದಕ್ಕೆ ಪಿಎಚ್‌ಡಿ ಇರಲೇಬೇಕು. ಸೇವೆಗೆ ಸೇರಿದ ಮೇಲೆ ಪಿಎಚ್‌ಡಿಯನ್ನು ಮುಂದೂಡುತ್ತಾ ಹೋದವರು ಇದೇ ಬಾಗಿಲಲ್ಲಿ ನಿಂತುಬಿಡುತ್ತಾರೆ.

ಕಡತ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ತರಬೇತಿ ಪ್ರಮಾಣಪತ್ರಗಳಲ್ಲಿ. ಓರಿಯೆಂಟೇಶನ್, ರಿಫ್ರೆಶರ್ ಕೋರ್ಸುಗಳನ್ನು ಆ ಹಂತದ ವರ್ಷಗಳೊಳಗೇ ಮುಗಿಸಬೇಕು, ಹಿಂದಿನ ಹಂತದ್ದನ್ನು ಇಲ್ಲಿಗೆ ತೋರಿಸಲು ಬರುವುದಿಲ್ಲ. ಅರ್ಹತೆಯ ದಿನಕ್ಕೆ ಮೂರು ತಿಂಗಳ ಮುಂಚೆಯೇ ಅರ್ಜಿ ಕೊಡಲು ನಿಯಮದಲ್ಲಿ ಅವಕಾಶವಿದೆ, ಬಳಸಿಕೊಳ್ಳಿ. ಒಂದು ಫೈಲಿನಲ್ಲಿ ಸೇರಿದ ದಿನದ ವರದಿ, ಪ್ರತಿ ವರ್ಷದ ಸ್ವಯಂ ಮೌಲ್ಯಮಾಪನ, ಪ್ರಮಾಣಪತ್ರಗಳ ಮೂಲ ಪ್ರತಿ, ಪ್ರಕಟಣೆಗಳ ಮೊದಲ ಪುಟ ಇವನ್ನು ವರ್ಷ ವರ್ಷವೂ ಸೇರಿಸುತ್ತಾ ಹೋದರೆ ಆ ವಾರ ಅಲೆಯಬೇಕಾಗಿಲ್ಲ.

ಹಲವು ಕೇಂದ್ರ ವಿಜ್ಞಾನ ಇಲಾಖೆಗಳ ದಾರಿ ಬೇರೆ. ಆರಂಭದ ಸೈಂಟಿಸ್ಟ್ ಬಿ ದರ್ಜೆಯಿಂದ ಸಿಗೆ ಕನಿಷ್ಠ 3 ವರ್ಷ, ಡಿಗೆ 4, ಇಗೆ 4, ಎಫ್‌ಗೆ 5, ಜಿಗೆ 5. ಖಾಲಿ ಹುದ್ದೆಗಾಗಿ ಕಾಯಬೇಕಾಗಿಲ್ಲ, ಕೆಲಸ ನೋಡಿ ಬಡ್ತಿ. ಮೂಲ ವೇತನಗಳು ಕ್ರಮವಾಗಿ 56,100, 67,700, 78,800, 1,23,100, 1,31,100, 1,44,200. ಅದಕ್ಕೂ ಮೇಲೆ ಹೋದವರು 1,82,200, 2,05,400. ಐಐಟಿಗಳಲ್ಲಿ, ನಮಗೆ ಹತ್ತಿರದ್ದು ಧಾರವಾಡದ್ದು, ಸಹಾಯಕ ಪ್ರಾಧ್ಯಾಪಕ ಗ್ರೇಡ್-1ಕ್ಕೇ 1,01,500, ಸಹ ಪ್ರಾಧ್ಯಾಪಕರಿಗೆ 1,39,600, ಪ್ರಾಧ್ಯಾಪಕರಿಗೆ 1,59,100. ಕುಲಪತಿಗೆ ಯುಜಿಸಿ ನಿಗದಿ 2,10,000, ಜೊತೆಗೆ 11,250 ವಿಶೇಷ ಭತ್ಯೆ.

ಕಂಪನಿಯ ಆರು ಲಕ್ಷ ಅಂದರೆ

ಬೀಜ ಕಂಪನಿ, ಉಕ್ಕಿನ ಕಾರ್ಖಾನೆಯ ಪ್ರಯೋಗಾಲಯ, ಔಷಧ ಕಂಪನಿ ಯಾವುದೇ ಇರಲಿ, ಹೇಳುವ ಅಂಕಿ ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. 6 ಲಕ್ಷದ ಪ್ಯಾಕೇಜ್ ಬಿಡಿಸಿ ನೋಡಿ. ಮೂಲ ವೇತನ ಅರ್ಧ, 3,00,000 ಎಂದುಕೊಳ್ಳಿ. ಕಂಪನಿಯ ಪಿಎಫ್ ಪಾಲು 12 ಪ್ರತಿಶತ, 36,000. ಗ್ರಾಚುಯಿಟಿಗೆಂದು ಮೂಲದ 4.81 ಪ್ರತಿಶತ, 14,430. ಕೆಲಸ ನೋಡಿ ಕೊಡುವ ಭಾಗ 10 ಪ್ರತಿಶತ ಇದ್ದರೆ 60,000, ಅದು ವರ್ಷದ ಕೊನೆಗೆ, ಕೊಟ್ಟರೆ. ಉಳಿದದ್ದು 4,89,570, ತಿಂಗಳಿಗೆ 40,797. ನಿಮ್ಮ ಪಿಎಫ್ ಪಾಲು 3,000 ಮತ್ತು ವೃತ್ತಿ ತೆರಿಗೆ 200 ಹೋದರೆ ಕೈಗೆ 37,597. ಬಳ್ಳಾರಿಯಲ್ಲಿ ಬಾಡಿಗೆ ಮನೆಯಲ್ಲಿರುವ ಜೆಆರ್‌ಎಫ್ ಕೈಗೆ 40,700. ಪಿಎಫ್ ಉಳಿತಾಯ ಕಂಪನಿಯವರ ಕಡೆ ಇದೆ, ಪಿಎಚ್‌ಡಿ ಪದವಿ ಫೆಲೋಶಿಪ್‌ನವರ ಕಡೆ. "ಆರು ಲಕ್ಷದ ನೌಕರಿ ಬಿಟ್ಟು ಇನ್ನೂ ಓದ್ತಾನಂತ" ಎಂದು ಬೈಯುವ ಮನೆಯಲ್ಲಿ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಿ. ಗ್ರಾಚುಯಿಟಿ ಸಾಮಾನ್ಯವಾಗಿ ಕಾಯಂ ನೌಕರರಿಗೆ 5 ವರ್ಷ ಸೇವೆಯಾದ ಮೇಲಷ್ಟೇ ಕೈಗೆ ಬರುವುದು, ನಡುವೆ ಬಿಟ್ಟರೆ ಇಲ್ಲ.

ಅರ್ಜಿ ಹಾಕುವ ಮುನ್ನ ಎರಡು ಕಾಗದ

ಒಂದು, ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರ. ಬಳ್ಳಾರಿ, ರಾಯಚೂರು, ಕೊಪ್ಪಳ ಸೇರಿ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ರಾಜ್ಯ ಹುದ್ದೆಗಳಲ್ಲಿ ಎ ಗುಂಪಿನ ಕಿರಿಯ ಶ್ರೇಣಿ ಮತ್ತು ಬಿ ಗುಂಪಿಗೆ 75 ಪ್ರತಿಶತ, ಸಿ ಗುಂಪಿಗೆ 80 ಪ್ರತಿಶತ ಸ್ಥಳೀಯರಿಗೆ ಮೀಸಲು. ಸಹಾಯಕ ಆಯುಕ್ತರ ಕಚೇರಿಯಿಂದ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರ ಪಡೆಯಬೇಕು. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನ ಮೀರುತ್ತದೆ, ಎಂಎಸ್ಸಿ ಓದುವಾಗಲೇ ಮಾಡಿಸಿ. ಶಾಲಾ ದಾಖಲೆಯಲ್ಲಿರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ಅಕ್ಷರ ವ್ಯತ್ಯಾಸವಿದ್ದರೆ ಮೊದಲು ಅದನ್ನು ಸರಿಪಡಿಸಿ. ಕೇಂದ್ರದ ಸಂಸ್ಥೆಗಳಿಗೆ ಈ ಮೀಸಲಾತಿ ಅನ್ವಯಿಸುವುದಿಲ್ಲ.

ಎರಡು, ಈಗಾಗಲೇ ಸರ್ಕಾರಿ ನೌಕರಿಯಲ್ಲಿರುವವರಿಗೆ. ಪ್ರೌಢಶಾಲಾ ಶಿಕ್ಷಕರಾಗಿಯೋ ಕೃಷಿ ಇಲಾಖೆಯಲ್ಲಿಯೋ ಇದ್ದು ವಿಜ್ಞಾನಿ ಹುದ್ದೆಗೆ ಅರ್ಜಿ ಹಾಕುವುದಾದರೆ ಇಲಾಖೆಯ ಮೂಲಕವೇ ಹಾಕಿ, ನಿರಾಕ್ಷೇಪಣಾ ಪತ್ರ ಪಡೆಯಿರಿ, ಬಿಡುವಾಗ ತಾಂತ್ರಿಕ ರಾಜೀನಾಮೆ, ಅಂದರೆ ಇನ್ನೊಂದು ಸರ್ಕಾರಿ ಹುದ್ದೆಗೆ ಸೇರಲೆಂದೇ ಕೊಡುವ ರಾಜೀನಾಮೆ, ಕೊಡಿ. ತಿಳಿಸದೆ ಅರ್ಜಿ ಹಾಕಿ, ಆಯ್ಕೆಯಾದ ಮೇಲೆ ಸಾದಾ ರಾಜೀನಾಮೆ ಕೊಟ್ಟರೆ ಹಳೆಯ ಪಗಾರದ ರಕ್ಷಣೆಯೂ ಹೋಗುತ್ತದೆ, ಹಿಂದಿನ ಸೇವೆಯೂ ಎಣಿಕೆಗೆ ಬರುವುದಿಲ್ಲ. ಆದೇಶದಲ್ಲಿ "ತಾಂತ್ರಿಕ" ಎಂಬ ಪದ ಅಚ್ಚಾಗಿದೆಯೇ ಎಂದು ಓದಿ ನೋಡಿದ ಮೇಲೆಯೇ ಬಿಡುಗಡೆ ಪತ್ರಕ್ಕೆ ಸಹಿ ಹಾಕಿ.